ಗೆಳೆಯರ ಓಲೆಯಲ್ಲಿ ಬಂದ ಉಮರ

ಕುರುಡುಮಲೆಯ ಮಹಾಗಣಪತಿಯ ದರ್ಶನಕ್ಕೆ ಹೊರಟ ಯಾತ್ರಿಕರು ಮುಳಬಾಗಿಲನ್ನು ಹಾದುಹೋಗುವುದು ವಾಡಿಕೆ. ದೇವತೆಗಳು ಕೂಡಿದ ‘ಕೂಡುಮಲೆ’ಯೇ ಕುರುಡುಮಲೆಯಾಯಿತೆಂದು ಸ್ಥಳದ ಐತಿಹ್ಯ. ಅದರ ನೆರೆಯ ಮುಳಬಾಗಿಲಿನಲ್ಲಿಯೇ 1887ರಲ್ಲಿ ಡಿ. ವಿ. ಗುಂಡಪ್ಪನವರು ಜನಿಸಿದರು. ಪಾರಸಿಯ ಉಮರ್ ಖಯ್ಯಾಮನನ್ನು ‘ಉಮರನ ಒಸಗೆ’ಯ ಮೂಲಕ ಕನ್ನಡಿಗರಿಗೆ ಪರಿಚಯಿಸಿದವರು ಅವರು. ಒಸಗೆಯೆಂದರೆ ಶುಭವಾರ್ತೆ. ಆ ವಾರ್ತೆಯು ಮುಳಬಾಗಿಲಿನ ಕವಿಯನ್ನು ಮುಟ್ಟುವ ಮುನ್ನ, ಇಬ್ಬರು ಗೆಳೆಯರ ಓಲೆಗಳೊಡನೆ ಸಮುದ್ರವನ್ನೇ ದಾಟಬೇಕಾಯಿತು.

ಉಮರನು ಹನ್ನೊಂದು-ಹನ್ನೆರಡನೆಯ ಶತಮಾನಗಳಲ್ಲಿ ನೈಶಾಪುರದಲ್ಲಿ ಬಾಳಿದ ಗಣಿತಜ್ಞ, ಜ್ಯೋತಿರ್ವಿಜ್ಞಾನಿ. ಅವನ ಹೆಸರಿನಲ್ಲಿ ಉಳಿದು ಬಂದ ಚೌಪದಿಗಳು ಇಂಗ್ಲೆಂಡಿನ ಎಡ್ವರ್ಡ್ ಫಿಟ್ಸ್‌ಜೆರಾಲ್ಡನ ಕೈಸೇರಿದುದು ಒಬ್ಬ ಮಿತ್ರನ ದೆಸೆಯಿಂದ. ಆ ಮಿತ್ರನೇ ಎಡ್ವರ್ಡ್ ಕೋವೆಲ್. ವಯಸ್ಸಿನಲ್ಲಿ ಹದಿನೇಳು ವರ್ಷ ಕಿರಿಯ. ಆದರೂ ಹಿರಿಯನಿಗೆ ಪಾರಸಿ ಕಲಿಸಿದ ಗುರು ಅವನೇ. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ 158 ಚೌಪದಿಗಳ ಹಳೆಯ ಹಸ್ತಪ್ರತಿಯೊಂದನ್ನು ಕಂಡ ಕೋವೆಲ್, ಅದರ ನಕಲನ್ನು ಗೆಳೆಯನಿಗಿತ್ತನು. 1856ರಲ್ಲಿ ಅವನು ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕನಾಗಿ ಕಲ್ಕತ್ತೆಗೆ ಹಡಗು ಹತ್ತಿದನು.

ಫಿಟ್ಸ್‌ಜೆರಾಲ್ಡನು ಒಂಟಿಯಾದನು. ಅದೇ ವರ್ಷ ಆದ ಮದುವೆಯೂ ನೆಮ್ಮದಿ ತರಲಿಲ್ಲ. ಕೆಲವೇ ತಿಂಗಳುಗಳಲ್ಲಿ ದಂಪತಿಗಳು ಬೇರೆಯಾದರು. ಆ ದುಗುಡದ ದಿನಗಳಲ್ಲಿ ಅವನಿಗೆ ಆಸರೆಯಾದುದು ಉಮರನ ಕಾವ್ಯ. ಪದ್ಯದ ಅರ್ಥ, ಪಾಠಾಂತರ, ಸಂದೇಹ, ಸಂತೋಷ ಎಲ್ಲವನ್ನೂ ಕಾಗದದಲ್ಲಿ ಬರೆದು ಕಲ್ಕತ್ತೆಗೆ ಕಳುಹುತ್ತಿದ್ದನು. ಅತ್ತ ಕೋವೆಲ್ ಏಷ್ಯಾಟಿಕ್ ಸೊಸೈಟಿಯಲ್ಲಿ ಇನ್ನೊಂದು ಹಸ್ತಪ್ರತಿಯನ್ನು ಹುಡುಕಿ, ಅದರ ನಕಲನ್ನೂ ಕಳುಹಿಸಿಕೊಟ್ಟನು. ಅದು ಗೆಳೆಯನ ಕೈಸೇರಿದುದು 1857ರಲ್ಲಿ. ಇಂಡಿಯಾದಲ್ಲಿ ದಂಗೆಯ ಕಿಚ್ಚು ಹಬ್ಬುತ್ತಿದ್ದ ಕಾಲ.

ಮೆಚ್ಚಿದ ಕವಿ ಒಬ್ಬನೇ ಆದರೂ ಮೆಚ್ಚಿದ ಬಗೆ ಎರಡಾಗಿತ್ತು. ಬಾಳು ಕ್ಷಣಿಕವೆಂಬ ಉಮರನ ನಿಟ್ಟುಸಿರು ಫಿಟ್ಸ್‌ಜೆರಾಲ್ಡನಿಗೆ ತನ್ನದೇ ಎನಿಸಿತು. ಕೋವೆಲ್ ಆದರೋ ದೃಢ ದೈವಭಕ್ತ. 1859ರಲ್ಲಿ 75 ಚೌಪದಿಗಳ ಇಂಗ್ಲಿಷ್ ಪುಸ್ತಕವು ಕರ್ತೃವಿನ ಹೆಸರಿಲ್ಲದೆ ಹೊರಬಂದಾಗ, ಗೆಳೆಯನು ಕಳುಹಿದ ಪ್ರತಿಯನ್ನು ಓದಿ ಅವನು ಕಳವಳಗೊಂಡನು. ಉಮರನನ್ನು ಪರಿಚಯಿಸಿ ದೊಡ್ಡ ಹೊಣೆಯನ್ನು ತಲೆಯ ಮೇಲೆ ಹೊತ್ತೆನೆಂಬ ಅಳುಕು ಮುಂದೆಯೂ ಅವನನ್ನು ಬಿಡಲಿಲ್ಲ. ಆದರೆ ಸ್ನೇಹ ಮುರಿಯಲಿಲ್ಲ. 1864ರಲ್ಲಿ ಕೋವೆಲ್ ತಾಯ್ನಾಡಿಗೆ ಮರಳಿದ ಬಳಿಕವೂ ಇಬ್ಬರೂ ಜೊತೆಗೂಡಿ ಗ್ರಂಥಗಳನ್ನೋದಿದರು. 1883ರಲ್ಲಿ ಫಿಟ್ಸ್‌ಜೆರಾಲ್ಡನು ತೀರಿಕೊಳ್ಳುವವರೆಗೂ ಗೆಳೆತನ ನಡೆಯಿತು.

ಮೊದಲು ಆ ಪುಸ್ತಕವನ್ನು ಕೊಳ್ಳುವವರೇ ಇರಲಿಲ್ಲ. ಲಂಡನ್ನಿನ ಅಂಗಡಿಯವನು ಅದನ್ನು ಒಂದು ಪೆನ್ನಿಯ ಪೆಟ್ಟಿಗೆಗೆ ಹಾಕಿದನು. ಅಲ್ಲಿಂದ ಅದು ಕವಿ ರೊಸೆಟ್ಟಿಯ ಕೈಗೆ ಬಂದು, ಕ್ರಮೇಣ ಜಗದ್ವಿಖ್ಯಾತವಾಯಿತು. ಆ ಇಂಗ್ಲಿಷ್ ಕೃತಿಯ ದಾರಿಯಿಂದಲೇ ಉಮರನು ಗುಂಡಪ್ಪನವರ ಬಳಿಗೆ ಬಂದನು.

ಗೆಳೆಯರಿಬ್ಬರಲ್ಲಿ ಹಂಚಿಹೋಗಿದ್ದ ಎರಡು ಮನೋಧರ್ಮಗಳೂ ಗುಂಡಪ್ಪನವರೊಬ್ಬರಲ್ಲಿಯೇ ನೆಲೆಸಿದ್ದುವು. ಮಧುಪಾತ್ರೆಯ ಕವಿಯನ್ನು ಅಕ್ಕರೆಯಿಂದ ಕನ್ನಡಿಸಿದ ಲೇಖನಿಯೇ ಮುಂದೆ ಭಗವದ್ಗೀತೆಯ ತಾತ್ಪರ್ಯವನ್ನು ಹೇಳುವ ‘ಜೀವನಧರ್ಮಯೋಗ’ವನ್ನು ಬರೆಯಿತು, 1967ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಸಂದಿತು. ಒಪ್ಪದ ಮಾತನ್ನಾಡುವ ಕವಿಯನ್ನೂ ಒಲಿದು ಓದಬಹುದು. ಅವನ ವಿಷಯದಲ್ಲಿ ಒಮ್ಮತವಿಲ್ಲದ ಗೆಳೆಯನನ್ನೂ ಉಳಿಸಿಕೊಳ್ಳಬಹುದು. ಕಲ್ಕತ್ತೆಗೆ ಹೋಗಿಬಂದ ಆ ಓಲೆಗಳೊಳಗಿನ ಒಸಗೆ ಇದೇ.