ಗಣಕಪತ್ರಗಳ ಮೇಲಣ ಕೈಬರಹದ ಟಿಪ್ಪಣಿ

ಗ್ರಂಥವನ್ನು ಓದುವವನು ಅದರ ಅಂಚಿನಲ್ಲಿ ತನ್ನ ಅಭಿಪ್ರಾಯವನ್ನು ಗುರುತಿಸಿಡುವ ಪದ್ಧತಿಯು ಬಹು ಪ್ರಾಚೀನವಾದುದು. ಓಲೆಗರಿಯಲ್ಲಿ ಕಂಟದಿಂದ ಬರೆಯುತ್ತಿದ್ದ ಲಿಪಿಕಾರನು ಅಕ್ಷರವು ಬಿಟ್ಟುಹೋದೆಡೆಯಲ್ಲಿ ಹಂಸಪಾದವನ್ನಿಟ್ಟು, ಬಿಟ್ಟುದನ್ನು ಅಂಚಿನಲ್ಲಿ ಕೊರೆಯುತ್ತಿದ್ದನು. ಓದುಗನು ಕಠಿನಪದದ ಅರ್ಥವನ್ನು ಪಕ್ಕದಲ್ಲಿ ಸೇರಿಸುತ್ತಿದ್ದನು. ಮುಂದೆ ಪ್ರತಿಮಾಡಿದವನು ತಿದ್ದುಪಡಿ ಯಾವುದು, ಅರ್ಥಸೂಚನೆ ಯಾವುದು ಎಂಬುದನ್ನು ವಿವೇಚಿಸದೆ ಎರಡನ್ನೂ ಮೂಲದೊಳಕ್ಕೆ ಸೇರಿಸಿದುದರಿಂದ ಹುಟ್ಟಿದ ಪ್ರಕ್ಷೇಪಗಳು ಗ್ರಂಥಸಂಪಾದಕರಿಗೆ ಚಿರಪರಿಚಿತವಾದುವೇ ಸರಿ. ಈಗ ಓಲೆಯ ಪ್ರತಿಗಳೂ ಅಚ್ಚಿನ ಪುಸ್ತಕಗಳೂ ಛಾಯಾರೂಪದಿಂದ ಗಣಕಯಂತ್ರಕ್ಕೆ ಬರುತ್ತಿವೆ. ವಿದ್ವಾಂಸರು ಗಾಜಿನ ಫಲಕದ ಮೇಲೆ ಲೇಖನಿಯನ್ನಾಡಿಸಿ ಅವುಗಳ ಮೇಲೆ ಗೆರೆಯೆಳೆಯುತ್ತಾರೆ, ಪಾಠವನ್ನು ತಿದ್ದುತ್ತಾರೆ. ಹೀಗೆ ಬರೆದ ಟಿಪ್ಪಣಿಯು ಎಲ್ಲಿ ನೆಲೆಗೊಳ್ಳುತ್ತದೆ, ಎಷ್ಟರಮಟ್ಟಿಗೆ ಉಳಿಯುತ್ತದೆ ಎಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಗಣಕದ ಫೈಲಿಗೆ ಇಂದು ಕನ್ನಡದಲ್ಲಿ ‘ಕಡತ’ವೆಂಬ ಮಾತು ಬಳಕೆಯಲ್ಲಿದೆ. ಪೂರ್ವದಲ್ಲಿ ಕಡತವೆಂದರೆ, ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದ ಲೇಖನಸಾಧನ. ಅದರ ಮೇಲೆ ಬಳಪದಿಂದ ಬರೆದು, ಬೇಡವಾದುದನ್ನು ಅಳಿಸಿ, ಮರಳಿ ಬರೆಯಬಹುದಾಗಿದ್ದಿತು. ಶೃಂಗೇರಿಯ ಮಠದ ಕಡತಗಳು ಪ್ರಸಿದ್ಧವಾಗಿವೆ. ಓಲೆಯಲ್ಲಿ ಕೊರೆದುದು ಸುಲಭವಾಗಿ ಅಳಿಯದು. ಕಡತದಲ್ಲಿ ಬರೆದುದು ಕೈಯೊರಸಿಗೂ ಅಳಿದೀತು. ಗಣಕದ ಟಿಪ್ಪಣಿಯು ಗುಣದಲ್ಲಿ ಕಡತದ ಬರಹಕ್ಕೆ ಸಮೀಪವಾದುದೆಂಬುದು ಮುಂದಿನ ವಿವರಣೆಯಿಂದ ತಿಳಿದುಬರುತ್ತದೆ.

ಗಣಕದ ತೆರೆಯ ಮೇಲೆ ಲೇಖನಿಯಿಂದ ಬರೆಯುವ ಪ್ರಯತ್ನವು ಹೊಸದಲ್ಲ. ೧೯೬೩ರಲ್ಲಿ ಅಮೆರಿಕೆಯ ಎಂಐಟಿಯಲ್ಲಿ ಐವಾನ್ ಸದರ್‌ಲ್ಯಾಂಡನು ರಚಿಸಿದ ‘ಸ್ಕೆಚ್‌ಪ್ಯಾಡ್’ ಎಂಬ ಕ್ರಮವಿಧಿಯಲ್ಲಿ ಬೆಳಕಿನ ಲೇಖನಿಯಿಂದ ತೆರೆಯ ಮೇಲೆಯೇ ಚಿತ್ರಗಳನ್ನು ಬಿಡಿಸಬಹುದಾಗಿದ್ದಿತು. ಮರುವರ್ಷವೇ ರ‍್ಯಾಂಡ್ ಸಂಸ್ಥೆಯ ಬರೆಯುವ ಫಲಕವು ಹೊರಬಂದಿತು. ಈಗಿನ ಹಲವು ಫಲಕಗಳಲ್ಲಿ ತೆರೆಯ ಹಿಂದಣ ತಂತಿಜಾಲವು ಲೇಖನಿಯೊಳಗಣ ಸುರುಳಿಯನ್ನು ವಿದ್ಯುತ್ಕಾಂತಶಕ್ತಿಯಿಂದ ಗ್ರಹಿಸಿ, ತುದಿಯ ಸ್ಥಾನವನ್ನೂ ಒತ್ತಡವನ್ನೂ ಕ್ಷಣಕ್ಷಣಕ್ಕೂ ಅರಿಯುತ್ತದೆ. ಗಣಕಕ್ಕೆ ದೊರೆಯುವುದು ಬಿಂದುಗಳ ಸಾಲು. ಆ ಬಿಂದುಗಳನ್ನು ಕೂಡಿಸಿದಾಗ ಕಣ್ಣಿಗೆ ಗೆರೆಯು ಕಾಣುತ್ತದೆ.

ವಿದ್ವಾಂಸರಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಪಿಡಿಎಫ್ ಪತ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ೧೯೯೩ರಲ್ಲಿ ಅಡೋಬಿ ಸಂಸ್ಥೆಯು ಹೊರತಂದ ಈ ರೂಪವು ೨೦೦೮ರಲ್ಲಿ ಐಎಸ್‌ಒ ೩೨೦೦೦ ಎಂಬ ಅಂತರರಾಷ್ಟ್ರೀಯ ಪ್ರಮಾಣವಾಯಿತು. ಇದರಲ್ಲಿ ಪುಟದ ಮೂಲಬರಹವು ಒಂದೆಡೆಯಲ್ಲಿಯೂ, ಟಿಪ್ಪಣಿಗಳು ಬೇರೊಂದೆಡೆಯಲ್ಲಿಯೂ ಇರುತ್ತವೆ. ಓದುವ ಯಂತ್ರವು ಎರಡನ್ನೂ ಒಂದರಮೇಲೊಂದಿಟ್ಟು ತೋರಿಸುತ್ತದೆ. ಕೈಬರಹಕ್ಕಾಗಿ ‘ಶಾಯಿ’ ಎಂದೇ ಹೆಸರುಳ್ಳ ಟಿಪ್ಪಣಿಯ ಪ್ರಭೇದವೊಂದುಂಟು. ಅದರಲ್ಲಿ ಒಂದೊಂದು ಗೆರೆಗೂ ಬಿಂದುಗಳ ಪಟ್ಟಿಯಿರುತ್ತದೆ. ಸ್ಥಾನವನ್ನು ಸಾಮಾನ್ಯವಾಗಿ ಅಂಗುಲದ ೭೨ನೆಯ ಒಂದು ಭಾಗವನ್ನು ಮಾನವಾಗಿಟ್ಟುಕೊಂಡು ಅಳೆಯುತ್ತಾರೆ. ಬರೆದವರ ಹೆಸರಿಗೂ ತಿದ್ದಿದ ದಿನಕ್ಕೂ ಸ್ಥಳವುಂಟು. ಆದರೆ ಆ ಹೆಸರು ಯಂತ್ರದಲ್ಲಿ ತುಂಬಿಟ್ಟ ಮಾತಷ್ಟೆ. ಅದನ್ನು ಸಹಿಯೆಂದು ಭಾವಿಸತಕ್ಕದ್ದಲ್ಲ. ಆ ಬಿಂದುಗಳ ಪಟ್ಟಿಯಲ್ಲಿ ಕೈಯ ಒತ್ತಡವಾಗಲಿ ವೇಗವಾಗಲಿ ಉಳಿಯುವುದಿಲ್ಲ. ಅವನ್ನೂ ಉಳಿಸಬಲ್ಲ ‘ಇಂಕ್‌ಎಂಎಲ್’ ಎಂಬ ಪ್ರಮಾಣವು ೨೦೧೧ರಲ್ಲಿ ಬಂದಿತಾದರೂ ಅದು ಬೇರೆಯಾದುದು.

ಮೂಲವೂ ಟಿಪ್ಪಣಿಯೂ ಬೇರೆಬೇರೆಯಾಗಿರುವುದು ಗ್ರಂಥಸಂಪಾದಕನಿಗೆ ಬಹುದೊಡ್ಡ ಉಪಕಾರ. ಓಲೆಯ ಮೇಲೆ ಅಸಾಧ್ಯವಾಗಿದ್ದುದು ಇಲ್ಲಿ ಸಾಧ್ಯ: ಹತ್ತು ಮಂದಿ ತಿದ್ದಿದರೂ ಮೂಲಪಾಠವು ನಿಷ್ಕಳಂಕವಾಗಿಯೇ ಇರುತ್ತದೆ. ಆದರೆ ಈ ಗುಣದಿಂದಲೇ ಒಂದು ದೋಷವೂ ಹುಟ್ಟುತ್ತದೆ. ಮೂಲಕ್ಕೆ ಅಂಟಿಕೊಳ್ಳದ ಟಿಪ್ಪಣಿಯು ಮೂಲವನ್ನು ಬಿಟ್ಟುಹೋಗುವುದೂ ಸುಲಭ. ಒಂದು ಯಂತ್ರದಲ್ಲಿ ಕಂಡದ್ದು ಮತ್ತೊಂದರಲ್ಲಿ ಕಾಣದೆ ಹೋಗಬಹುದು. ಅಚ್ಚುತೆಗೆಯುವಾಗ ಟಿಪ್ಪಣಿಗಳನ್ನು ಬಿಡುವ ಆಯ್ಕೆಯಿದ್ದರೆ ಹಾಳೆಯು ಬರಿದಾಗಿ ಬರುತ್ತದೆ. ಇದಕ್ಕೆ ಪರಿಹಾರವೆಂದು ಹಲವರು ಟಿಪ್ಪಣಿಯನ್ನು ಪುಟದೊಳಗೆ ಕರಗಿಸಿ ಒಂದಾಗಿಸುವುದುಂಟು. ಆಗ ಅದು ಎಲ್ಲೆಡೆಯೂ ಕಾಣುತ್ತದೆ, ನಿಜ. ಆದರೆ ಯಾರದು, ಎಂದಿನದು ಎಂಬ ಗುರುತು ಅಳಿದು, ಮೂಲದಿಂದ ಬೇರ್ಪಡಿಸಲು ಬಾರದಂತಾಗುತ್ತದೆ. ಹಳೆಯ ಪ್ರತಿಕಾರನ ತಪ್ಪು ಇಲ್ಲಿ ಹೊಸ ವೇಷದಲ್ಲಿ ಮರಳುತ್ತದೆ. ಪಾಠದ ಮೇಲೆ ಕಪ್ಪುಗೆರೆ ಬಳಿದು ಅದನ್ನು ಅಳಿಸಿದೆವೆಂದು ತಿಳಿಯುವುದೂ ಭ್ರಾಂತಿಯೇ. ಪುಟದಲ್ಲಿ ಅಕ್ಷರರೂಪದ ಪಾಠವಿದ್ದರೆ, ಗೆರೆಯ ಕೆಳಗಣ ಆ ಮಾತನ್ನು ನಕಲುಮಾಡಿ ಓದಬಹುದು.

ಇನ್ನೊಂದು ತೊಡಕು ಸ್ಥಾನಕ್ಕೆ ಸಂಬಂಧಿಸಿದುದು. ಶಾಯಿಯ ಗೆರೆಗೆ ತಿಳಿದಿರುವುದು ಪುಟದ ಅಳತೆ. ತಾನು ಯಾವ ಪದದ ಮೇಲಿದೆಯೆಂಬುದು ಅದಕ್ಕೆ ತಿಳಿಯದು. ಅಕ್ಷರವನ್ನು ಹಿಗ್ಗಿಸಿದಂತೆ ಸಾಲುಗಳು ಸರಿಯುವ ಇ-ಪುಸ್ತಕಗಳಲ್ಲಿ ಇಂತಹ ಗೆರೆಯು ನೆಲೆದಪ್ಪುತ್ತದೆ. ಇದಕ್ಕೆ ಉತ್ತರವು ವ್ಯಾಖ್ಯಾನಕಾರರ ಸಂಪ್ರದಾಯದಲ್ಲಿಯೇ ಉಂಟು. ಅವರು ಮೂಲಪದ್ಯದ ಮೊದಲ ಮಾತನ್ನು ಪ್ರತೀಕವಾಗಿ ಎತ್ತಿಕೊಂಡು, ಅದರ ಮೇಲೆ ವಿವರಣೆಯನ್ನು ನಿಲ್ಲಿಸುತ್ತಿದ್ದರು. ಆದುದರಿಂದ ಓಲೆ ಬದಲಾದರೂ ವ್ಯಾಖ್ಯಾನವು ದಾರಿತಪ್ಪುತ್ತಿರಲಿಲ್ಲ. ಡಬ್ಲ್ಯು೩ಸಿ ಒಕ್ಕೂಟವು ೨೦೧೭ರಲ್ಲಿ ಅಂಗೀಕರಿಸಿದ ಟಿಪ್ಪಣಿಯ ಪ್ರಮಾಣವೂ ಇಂತಹ ಕ್ರಮವೊಂದನ್ನು ಒಳಗೊಂಡಿದೆ: ಟಿಪ್ಪಣಿಯೊಡನೆ ಉದ್ದಿಷ್ಟವಾದ ಮಾತನ್ನೂ, ಅದರ ಹಿಂದುಮುಂದಣ ಮಾತುಗಳನ್ನೂ ಬರೆದಿಟ್ಟರೆ, ಪುಟವು ಬದಲಾದರೂ ಯಂತ್ರವು ಸ್ಥಳವನ್ನು ಹುಡುಕಿಕೊಳ್ಳಬಲ್ಲದು.

ಇಷ್ಟು ತೊಡಕುಗಳಿರುವಾಗ ಕೀಲಿಮಣೆಯಿಂದಲೇ ಟಿಪ್ಪಣಿ ಬರೆದರೆ ಸಾಲದೆ ಎಂಬ ಪ್ರಶ್ನೆಯು ಸಹಜವಾದುದು. ಲಿಪಿಶಾಸ್ತ್ರದಲ್ಲಿ ಅದು ಸಾಲದು. ಯೂನಿಕೋಡಿನಲ್ಲಿ ಮಕಾರಕ್ಕೆ ಸಂಕೇತವೊಂದೇ; ಶತಮಾನಗಳಲ್ಲಿ ಬದಲಾದ ಅದರ ಆಕಾರಗಳೆಲ್ಲವೂ ಆ ಸಂಕೇತದಲ್ಲಿ ಮರೆಯಾಗುತ್ತವೆ. ನಂದಿನಾಗರಿಯು ೨೦೧೯ರಲ್ಲಿಯೂ ತುಳು-ತಿಗಳಾರಿಯು ೨೦೨೪ರಲ್ಲಿಯೂ ಮಾತ್ರವೇ ಯೂನಿಕೋಡಿಗೆ ಸೇರಿದುವು. ಪಕಾರವೊ ವಕಾರವೊ ಎಂದು ಸಂಶಯ ಬರುವೆಡೆಯಲ್ಲಿ, ಕಂಡ ಆಕಾರವನ್ನು ಕೈಯಿಂದಲೇ ಬಿಡಿಸಿ ತೋರಿಸಿದರೆ, ನಿರ್ಣಯಕ್ಕೆ ಬಂದ ಬಗೆಯು ಮುಂದಿನವರಿಗೆ ಕಾಣುತ್ತದೆ. ನಿರ್ಣಯವನ್ನು ಮಾತ್ರ ಅಚ್ಚೊತ್ತಿದರೆ ಸಂಶಯದ ಸುಳಿವೇ ಉಳಿಯದು.

ಆದುದರಿಂದ ಕೈಬರಹವನ್ನು ಬಿಡಬೇಕಾದುದಿಲ್ಲ. ಅದಕ್ಕೆ ಒಂದು ಶಿಸ್ತನ್ನು ಮಾಡಿಕೊಂಡರೆ ಸಾಕು. ಟಿಪ್ಪಣಿಯಿಲ್ಲದ ಮೂಲಪ್ರತಿಯೊಂದನ್ನು ಪ್ರತ್ಯೇಕವಾಗಿ ಕಾದಿಡತಕ್ಕದ್ದು. ಟಿಪ್ಪಣಿಯನ್ನು ಪುಟದೊಳಗೆ ಕರಗಿಸುವುದಾದರೆ ನಕಲಿನಲ್ಲಿ ಮಾತ್ರ ಕರಗಿಸತಕ್ಕದ್ದು. ಬರೆದವರ ಹೆಸರೂ ದಿನವೂ ಟಿಪ್ಪಣಿಯ ಬರಹದಲ್ಲಿಯೇ ಇರಬೇಕು. ಗೆರೆಯ ಜೊತೆಗೆ ಪ್ರತೀಕವನ್ನೂ ಸಾಲಿನ ಸಂಖ್ಯೆಯನ್ನೂ ಅಕ್ಷರರೂಪದಲ್ಲಿ ಬೇರೊಂದು ಪಟ್ಟಿಯಲ್ಲಿ ಬರೆದಿಟ್ಟರೆ, ಶಾಯಿಯು ಕಾಣದಾದ ದಿನವೂ ಅಭಿಪ್ರಾಯವು ಉಳಿಯುತ್ತದೆ. ಇಂದಿನ ವಿದ್ವಾಂಸನ ಅಂಚಿನ ಬರಹವು ನಾಳಿನ ಸಂಪಾದಕನಿಗೆ ಪಾಠಸಾಮಗ್ರಿಯಾಗುತ್ತದೆ. ಅವನು ಅದನ್ನು ಮೂಲವೆಂದು ತಿಳಿಯದಂತೆಯೂ, ಅದು ಅವನ ಕೈಸೇರದೆ ಹೋಗದಂತೆಯೂ ನೋಡಿಕೊಳ್ಳುವ ಹೊಣೆಯು ಬರೆದವನದೇ.