ದೀಪ ಹಚ್ಚಿದವರಾರು?

ಕಳೆದ ವಾರ ಮಾಟುಂಗದ ಒಂದು ಹೋಟೆಲಿನಲ್ಲಿ, ರಾತ್ರಿ ಬಾಗಿಲು ಎಳೆದ ಮೇಲೆ ನಡೆದ ಒಂದು ವಾದವನ್ನು ಕೇಳುವ ಸುಯೋಗ ನಮಗೆ ಒದಗಿತು. ಗಿರಾಕಿಗಳೆಲ್ಲ ಹೋಗಿದ್ದರು. ಗಲ್ಲೆಯ ಲೆಕ್ಕ ಮುಗಿದಿದ್ದಿತು. ಒಳಗೆ ಮರುದಿನದ ಇಡ್ಲಿಗಾಗಿ ಉದ್ದು ಗ್ರೈಂಡರಿನಲ್ಲಿ ತಿರುಗುತ್ತಿದ್ದಿತು. ಸರಕಾರಿ ಕಚೇರಿಯಲ್ಲಿ ಮೂವತ್ತು ವರುಷ ಗುಮಾಸ್ತಿಕೆ ಮಾಡಿ ನಿವೃತ್ತರಾದ ರಾಯರೊಬ್ಬರು ಒಂದು ಕಡೆ. ಕುಂದಾಪುರದ ಕಡೆಯ ಹಿರಿಯ ಅಡಿಗೆ ಭಟ್ಟರು ಇನ್ನೊಂದು ಕಡೆ.

"ರೈಲು, ಅಂಚೆ, ಅಣೆಕಟ್ಟು, ಇವನ್ನೆಲ್ಲ ಸರಕಾರ ಮಾಡದೆ ಇನ್ನಾರು ಮಾಡಿದರು?" ಎಂದು ರಾಯರು ಕೇಳಿದರು. "ಸರಕಾರ ಹೋಟೆಲು ಇಟ್ಟರೆ ಬೆಳಗಿನ ಇಡ್ಲಿ ಮಧ್ಯಾಹ್ನಕ್ಕೆ ಬೇಯುತ್ತದೆ, ರಾಯರೇ" ಎಂದು ಭಟ್ಟರು ಉತ್ತರ ಕೊಟ್ಟರು. ಎಲ್ಲರೂ ನಕ್ಕರು. ಮೇಜು ಒರೆಸುತ್ತಿದ್ದ ಎಳೆಯ ಮಾಣಿಯೊಬ್ಬನು ತಲೆಯೆತ್ತಿ, "ಹಾಗಾದರೆ ಈ ದೀಪ ಯಾರದು? ಸರಕಾರದ್ದೋ, ಟಾಟಾರದ್ದೋ?" ಎಂದು ಕೇಳಿಬಿಟ್ಟನು. ಹಿರಿಯರಿಬ್ಬರೂ ಕೂಡಲೇ ಉತ್ತರ ಕೊಡಲಾರದೆ ಹೋದರು.

ದೇಶದ ದೊಡ್ಡ ಕೆಲಸಗಳ ಶ್ರೇಯಸ್ಸು ಸರಕಾರಕ್ಕೆ ಸಲ್ಲಬೇಕೋ, ಖಾಸಗಿ ಸಾಹಸಕ್ಕೆ ಸಲ್ಲಬೇಕೋ ಎಂಬ ಚರ್ಚೆಯನ್ನು ನಾವು ಅನೇಕ ವೇದಿಕೆಗಳಲ್ಲಿ ಕೇಳಿದ್ದೇವೆ. ಅಲ್ಲಿ ದೊಡ್ಡ ದೊಡ್ಡ ತತ್ವಗಳ ಮಾತು ಬರುವುದೇ ಹೊರತು ಒಂದು ಕೆಲಸವನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಲೆಕ್ಕ ನೋಡುವುದು ಅಪೂರ್ವ. ಆದುದರಿಂದ ಆ ಹುಡುಗನ ಪ್ರಶ್ನೆಯನ್ನೇ ನಾವು ಕೈಗೆತ್ತಿಕೊಳ್ಳುತ್ತೇವೆ. ಮುಂಬಯಿಯ ಕನ್ನಡಿಗನಿಗೆ ಈ ವಿಷಯದಲ್ಲಿ ಒಂದು ವಿಶೇಷ ಅನುಕೂಲವೂ ಇದೆ. ಬಿಟ್ಟು ಬಂದ ನಾಡಿನಲ್ಲಿ ನೀರಿನಿಂದ ದೀಪ ಹಚ್ಚಿದುದು ಒಂದು ಸರಕಾರ. ದುಡಿಯುತ್ತಿರುವ ಈ ನಗರಕ್ಕಾಗಿ ಆ ಕೆಲಸ ಮಾಡಿದುದು ಒಂದು ಖಾಸಗಿ ಕಂಪನಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಮೊದಲು ಶಿವನಸಮುದ್ರ. ಕಾವೇರಿಯ ಆ ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ತೆಗೆಯುವ ಕಾರ್ಯವನ್ನು ಮೈಸೂರು ಸಂಸ್ಥಾನವು ಕೈಕೊಂಡಾಗ ದಿವಾನರಾಗಿದ್ದವರು ಸರ್ ಕೆ. ಶೇಷಾದ್ರಿ ಅಯ್ಯರ್. 1894ರಲ್ಲಿ ಚಾಮರಾಜ ಒಡೆಯರು ಅಕಾಲದಲ್ಲಿ ತೀರಿಕೊಂಡ ಅನಂತರ ಮಹಾರಾಣಿಯವರು ರಾಜಪ್ರತಿನಿಧಿಯಾಗಿ ರಾಜ್ಯಭಾರ ನಡೆಸುತ್ತಿದ್ದ ಕಾಲವದು. ದಾರ್ಜಿಲಿಂಗಿನಲ್ಲಿ 1897ರಲ್ಲಿ ಒಂದು ಸಣ್ಣ ಜಲವಿದ್ಯುತ್ ಕೇಂದ್ರ ಆರಂಭವಾಗಿದ್ದುದನ್ನು ಬಿಟ್ಟರೆ ಈ ವಿದ್ಯೆ ಭಾರತಕ್ಕೆ ಹೊಸದು. ಸಂಸ್ಥಾನದ ಇಂಜಿನಿಯರರಾದ ಡಿ ಲಾಟ್ಬಿನಿಯೇರ್ ಎಂಬವರು ಅಮೆರಿಕ ಮತ್ತು ಯೂರೋಪುಗಳಿಗೆ ಹೋಗಿ ಅಲ್ಲಿಯ ಕೇಂದ್ರಗಳನ್ನು ಕಣ್ಣಾರೆ ಕಂಡು ಬಂದರು. 1902ರ ಜೂನ್ ತಿಂಗಳ ಕೊನೆಯಲ್ಲಿ ಶಿವನಸಮುದ್ರದ ಯಂತ್ರಗಳು ತಿರುಗಿದುವು. ಅಲ್ಲಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳವರೆಗೆ ತಂತಿ ಎಳೆಯಲ್ಪಟ್ಟಿತು. ಅಂದಿನ ಜಗತ್ತಿನಲ್ಲಿಯೇ ಅತಿ ಉದ್ದದ ವಿದ್ಯುನ್ಮಾರ್ಗಗಳಲ್ಲಿ ಅದೊಂದು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು.

ಇಷ್ಟು ಕೇಳಿದರೆ ನಮ್ಮ ರಾಯರು ಮೀಸೆ ತಿರುವಬಹುದು. ಆದರೆ ಖಾತೆಯ ಇನ್ನೊಂದು ಪುಟವನ್ನೂ ಓದಬೇಕು. ಮೈಸೂರು ಸರಕಾರವು ಕಣ್ಣುಮುಚ್ಚಿ ಹಣ ಸುರಿಯಲಿಲ್ಲ. ತಯಾರಾಗುವ ವಿದ್ಯುತ್ತನ್ನು ಕೊಳ್ಳುವವರು ಯಾರೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿತು. ಕೋಲಾರದ ಗಣಿಗಳನ್ನು ನಡೆಸುತ್ತಿದ್ದುದು ಜಾನ್ ಟೇಲರ್ ಎಂಬ ಖಾಸಗಿ ಇಂಗ್ಲಿಷ್ ಸಂಸ್ಥೆ. ಸೌದೆ ಮತ್ತು ಕಲ್ಲಿದ್ದಲನ್ನು ಸುಟ್ಟು ಉಗಿಯಂತ್ರ ನಡೆಸುವ ಖರ್ಚಿನಿಂದ ಬೇಸತ್ತಿದ್ದ ಅವರು ವಿದ್ಯುತ್ತನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡರು. ವಿದ್ಯುದ್ಯಂತ್ರಗಳನ್ನು ಒದಗಿಸಿದುದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. ಕೊಳ್ಳುವವರೂ ಖಾಸಗಿಯವರು, ಯಂತ್ರ ಮಾಡಿದವರೂ ಖಾಸಗಿಯವರು. ನಡುವೆ ನಿಂತು ಹೊಣೆ ಹೊತ್ತುದು ಸರಕಾರ.

ಇನ್ನು ಖೋಪೋಲಿಗೆ ಬರೋಣ. ಪುಣೆಗೆ ರೈಲಿನಲ್ಲಿ ಹೋಗುವಾಗ ಘಾಟಿಯ ಮೇಲೆ ಲೋನಾವಳ ಸಿಗುತ್ತದೆ. ಅಲ್ಲಿ ಸುರಿಯುವ ಮಳೆಯನ್ನು ಕೆರೆಗಳಲ್ಲಿ ಹಿಡಿದಿಟ್ಟು, ಸುಮಾರು 1,700 ಅಡಿ ಕೆಳಗಿನ ಖೋಪೋಲಿಗೆ ಕೊಳವೆಗಳಲ್ಲಿ ಇಳಿಸಿ, ಆ ರಭಸದಿಂದ ಮುಂಬಯಿಯ ಗಿರಣಿಗಳಿಗೆ ವಿದ್ಯುತ್ ಕೊಡಬೇಕೆಂಬುದು ಜಮ್ಷೆಟ್ಜಿ ಟಾಟಾರವರ ಕನಸಾಗಿದ್ದಿತು. ಅವರು 1904ರಲ್ಲಿ ತೀರಿಕೊಂಡರು. ಮಕ್ಕಳು ಆ ಕೆಲಸವನ್ನು ಕೈಬಿಡಲಿಲ್ಲ. 1910ರಲ್ಲಿ ಕಂಪನಿ ಸ್ಥಾಪಿತವಾಯಿತು; 1911ರಲ್ಲಿ ಶಂಕುಸ್ಥಾಪನೆ; 1915ರ ಫೆಬ್ರವರಿಯಲ್ಲಿ ಖೋಪೋಲಿಯ ವಿದ್ಯುತ್ತು ಹರಿಯಿತು. ಪರರಾಜ್ಯದ ಆಳ್ವಿಕೆಯಿದ್ದ ಆ ದಿನಗಳಲ್ಲಿ, ಬಂಡವಾಳವನ್ನು ಈ ದೇಶದಲ್ಲಿಯೇ ಕೂಡಿಸಿ ಇಂಥದೊಂದು ಕಾರ್ಯವನ್ನು ಸಾಧಿಸಿದುದು ಸಾಮಾನ್ಯ ಧೈರ್ಯವಲ್ಲ. ಈ ಮಾತಿಗೆ ಭಟ್ಟರು ತಲೆದೂಗಬಹುದು.

ಇಲ್ಲಿಯೂ ಪುಟ ತಿರುವಬೇಕು. ಶಂಕುಸ್ಥಾಪನೆ ಮಾಡಿದವರು ಮುಂಬಯಿಯ ಗವರ್ನರರು. ಪಾಲುದಾರರಲ್ಲಿ ವರ್ತಕರಷ್ಟೇ ಅಲ್ಲ, ದೇಶೀಯ ಸಂಸ್ಥಾನಾಧೀಶರೂ ಇದ್ದರು. ಎಲ್ಲಕ್ಕೂ ಮಿಗಿಲಾಗಿ, ಕೆರೆ ಕಟ್ಟಲು ನೆಲ ಬೇಕು. ನೆಲವನ್ನು ಅದರ ಒಡೆಯನು ಕೊಡಲೊಲ್ಲದೆ ಹೋದಾಗ ಅವನಿಂದ ತೆಗೆದುಕೊಳ್ಳುವ ಅಧಿಕಾರ ಯಾವ ಕಂಪನಿಗೂ ಇಲ್ಲ. ಅದು ಸರಕಾರಕ್ಕೆ ಮಾತ್ರ ಇರುವ ಅಧಿಕಾರ. ಇದು ಎಲ್ಲರಿಗೂ ತಿಳಿದುದು ಮುಳಶಿಯಲ್ಲಿ. ಪುಣೆ ಜಿಲ್ಲೆಯ ಆ ಕಣಿವೆಯಲ್ಲಿ ಟಾಟಾ ಸಂಸ್ಥೆಯವರು ಇನ್ನೊಂದು ಅಣೆಕಟ್ಟನ್ನು ಕಟ್ಟಹೊರಟಾಗ, 1894ರ ಭೂಸ್ವಾಧೀನ ಕಾಯಿದೆಯನ್ನು ಪ್ರಯೋಗಿಸಿ ರೈತರ ಭತ್ತದ ಗದ್ದೆಗಳನ್ನು ಕಂಪನಿಗೆ ಒಪ್ಪಿಸಿದುದು ಸರಕಾರ. 1921ರಲ್ಲಿ ರೈತರು ಸತ್ಯಾಗ್ರಹ ಹೂಡಿದರು. ಅವರ ಮುಂದಾಳಾದ ಪಾಂಡುರಂಗ ಮಹಾದೇವ ಬಾಪಟರಿಗೆ ಜನರು ಸೇನಾಪತಿ ಎಂಬ ಬಿರುದನ್ನು ಕೊಟ್ಟುದು ಈ ಹೋರಾಟದಿಂದಲೇ. ಅವರು ಸೆರೆಮನೆಗೆ ಹೋದರು, 1924ರ ವೇಳೆಗೆ ಸತ್ಯಾಗ್ರಹ ಅಡಗಿತು, ಅಣೆಕಟ್ಟು ಎದ್ದಿತು, ಹಳ್ಳಿಗಳು ಮುಳುಗಿದುವು. ಮುಂಬಯಿಗೆ ಇನ್ನಷ್ಟು ವಿದ್ಯುತ್ತು ಬಂದಿತು.

ಸರಕಾರಗಳು ಕಟ್ಟಿದ ಕಡೆ ರೈತನ ಗತಿ ಬೇರೆಯಾಯಿತೆಂದು ಯಾರೂ ಹಿಗ್ಗಬೇಕಾಗಿಲ್ಲ. ಬೇಸಿಗೆಯಲ್ಲಿ ಕಾವೇರಿಯ ನೀರು ಸೊರಗಿದಾಗ ಶಿವನಸಮುದ್ರದ ಯಂತ್ರಗಳೂ ಸೊರಗುತ್ತಿದ್ದುವು. ಗಣಿಗಳಿಗೆ ವರುಷವಿಡೀ ವಿದ್ಯುತ್ತು ಬೇಕಾಗಿದ್ದುದು 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಲು ಒಂದು ಕಾರಣ. ಮಂಡ್ಯದ ಬಯಲು ಹಸುರಾಯಿತು. ಆದರೆ ಕಟ್ಟೆಯ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿಯೂ ಹೋದುವು. ಏಕೀಕರಣದ ಅನಂತರ, 1960ರ ದಶಕದಲ್ಲಿ ಶರಾವತಿ ಯೋಜನೆಯು ಸಿದ್ಧವಾಗಿ ನಾಡಿಗೆಲ್ಲ ಬೆಳಕು ಕೊಟ್ಟಿತು. ಆದರೆ ಲಿಂಗನಮಕ್ಕಿಯ ಹಿನ್ನೀರಿಗೆ ಮನೆಮಠ ಬಿಟ್ಟುಕೊಟ್ಟ ಕುಟುಂಬಗಳು ತಮಗೆ ತೋರಿಸಿದ ಭೂಮಿಯ ಹಕ್ಕುಪತ್ರಕ್ಕಾಗಿ ಹತ್ತಾರು ವರುಷ ಅಲೆಯಬೇಕಾಯಿತು.

ಇನ್ನು ಒಡೆತನ ಕೈ ಬದಲಾಯಿಸಿದರೆ ಏನಾಗುವುದೆಂಬುದನ್ನೂ ನೋಡೋಣ. ಮುಂಬಯಿಯಲ್ಲಿ 1905ರಲ್ಲಿ ಖಾಸಗಿಯಾಗಿ ಸ್ಥಾಪಿತವಾದ ವಿದ್ಯುತ್ ಮತ್ತು ಟ್ರಾಮ್ ಕಂಪನಿಯನ್ನು ನಗರಪಾಲಿಕೆಯು 1947ರ ಆಗಸ್ಟ್ ತಿಂಗಳಲ್ಲಿ ವಹಿಸಿಕೊಂಡಿತು. ಅದೇ ನಾವೆಲ್ಲ ಬಲ್ಲ ಬೆಸ್ಟ್. ಖಾಸಗಿಯವರು ತಯಾರಿಸಿದ ವಿದ್ಯುತ್ತನ್ನು ದಶಕಗಳ ಕಾಲ ಕೊಂಡು ಮಾಟುಂಗದಂಥ ಪೇಟೆಗಳಿಗೆ ಹಂಚಿದುದು ಈ ಸಾರ್ವಜನಿಕ ಸಂಸ್ಥೆ. ಹುಡುಗನ ಪ್ರಶ್ನೆಗೆ ನೇರವಾದ ಉತ್ತರ ಸಿಗದೆ ಹೋದುದು ಇದರಿಂದಲೇ.

2001ನೆಯ ಇಸವಿಯು ಎರಡು ಪಕ್ಷದವರ ಹೆಮ್ಮೆಯನ್ನೂ ಇಳಿಸಿತು. 1956ರಲ್ಲಿ ಖಾಸಗಿಯವರಿಂದ ಸರಕಾರದ ವಶಕ್ಕೆ ಬಂದಿದ್ದ ಕೋಲಾರದ ಚಿನ್ನದ ಗಣಿಗಳು ಆ ವರುಷದ ಫೆಬ್ರವರಿ ಕೊನೆಯಲ್ಲಿ ಮುಚ್ಚಿದುವು. ಅದಿರು ಬಡವಾಗಿದ್ದಿತು, ಆಳ ಹೆಚ್ಚಿದ್ದಿತು, ನಷ್ಟ ಬೆಳೆದಿದ್ದಿತು. ಅದೇ ವರುಷ ಕೊಂಕಣದ ದಾಭೋಳಿನಲ್ಲಿ ಅಮೆರಿಕದ ಎನ್ರಾನ್ ಕಂಪನಿಯು ಮುಂದಾಗಿ ಕಟ್ಟಿದ ವಿದ್ಯುತ್ ಕೇಂದ್ರವು, ದರದ ವಿವಾದದಲ್ಲಿ ಸಿಲುಕಿ, ಉತ್ಪಾದನೆ ಆರಂಭಿಸಿದ ಎರಡೇ ವರುಷಗಳಲ್ಲಿ ನಿಂತುಹೋಯಿತು. ವರುಷ ಮುಗಿಯುವುದರೊಳಗೆ ಎನ್ರಾನ್ ದಿವಾಳಿಯೆದ್ದಿತು. 2005ರಲ್ಲಿ ಆ ಕೇಂದ್ರವನ್ನು ಮತ್ತೆ ಎತ್ತಿ ನಿಲ್ಲಿಸಲು ಮುಂದೆ ಬಂದುದು ಸರಕಾರಿ ಸ್ವಾಮ್ಯದ ಸಂಸ್ಥೆಗಳು. ಸರಕಾರದ ಕೈಯಲ್ಲಿದ್ದ ಮಾತ್ರಕ್ಕೆ ಗಣಿ ಉಳಿಯಲಿಲ್ಲ. ಖಾಸಗಿಯವರ ಕೈಯಲ್ಲಿದ್ದ ಮಾತ್ರಕ್ಕೆ ದಾಭೋಳ ಬೆಳಗಲಿಲ್ಲ.

ಹಾಗಾದರೆ ಶ್ರೇಯಸ್ಸನ್ನು ಅರ್ಧ ಅರ್ಧ ಹಂಚಿ ಕೈತೊಳೆದುಕೊಳ್ಳೋಣವೇ? ಅದು ಸುಲಭವಾದ ಉತ್ತರ, ನ್ಯಾಯವಾದ ಉತ್ತರವಲ್ಲ. ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಕೆಲಸ ಕೈಗೂಡಿದ ಮೇಲೆ ಎಲ್ಲರೂ ಮುಂದೆ ಬಂದು ಹೂಮಾಲೆಗೆ ಕೊರಳೊಡ್ಡುತ್ತಾರೆ. ಆದುದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಈ ಕೆಲಸ ಕೆಟ್ಟಿದ್ದರೆ ನಷ್ಟ ಯಾರ ತಲೆಯ ಮೇಲೆ ಬೀಳುತ್ತಿದ್ದಿತು? ಶ್ರೇಯಸ್ಸಿನ ಮೊದಲ ಪಾಲು ಅವರದು.

ಶಿವನಸಮುದ್ರದ ಯಂತ್ರಗಳು ತಿರುಗದೆ ಹೋಗಿದ್ದರೆ ನಷ್ಟ ತುಂಬಬೇಕಾಗಿದ್ದುದು ಮೈಸೂರಿನ ಬೊಕ್ಕಸ, ಎಂದರೆ ಕಂದಾಯ ತೆತ್ತ ರೈತ. ಖೋಪೋಲಿಯು ವಿಫಲವಾಗಿದ್ದರೆ ಕಳೆದುಕೊಳ್ಳುತ್ತಿದ್ದವರು ಟಾಟಾ ಮನೆತನದವರೂ ಅವರನ್ನು ನಂಬಿ ಹಣ ಹಾಕಿದ ಪಾಲುದಾರರೂ. ಅಲ್ಲಿ ಸರಕಾರಕ್ಕೂ, ಇಲ್ಲಿ ಖಾಸಗಿ ಸಾಹಸಕ್ಕೂ ನಾವು ಮನಸಾರೆ ಶ್ರೇಯಸ್ಸನ್ನು ಸಲ್ಲಿಸುತ್ತೇವೆ. ಆದರೆ ಮುಳಶಿಯ ರೈತನನ್ನು ಯಾವ ಅಂಕಣದಲ್ಲಿ ಬರೆಯುವುದು? ಅವನು ಪಾಲುದಾರನಲ್ಲ, ಲಾಭದಲ್ಲಿ ಅವನಿಗೆ ಅಂಶವಿಲ್ಲ. ಕೆಲಸ ಗೆದ್ದರೂ ಸೋತರೂ ಅವನ ಗದ್ದೆ ಹೋದುದೇ. ಉಳಿದವರು ನಷ್ಟವಾದರೂ ಆಗಬಹುದೆಂಬ ಭಯವನ್ನು ಹೊತ್ತರು. ಅವನು ನಷ್ಟವನ್ನೇ ಹೊತ್ತನು. ಶರಾವತಿಯ ಮುಳುಗಡೆಯವನ ಕತೆಯೂ ಇದೇ. ಸರಕಾರದ ಖಾತೆಯಲ್ಲಿಯೂ ಕಂಪನಿಯ ಖಾತೆಯಲ್ಲಿಯೂ ಅವನ ಹೆಸರು ಬಿಟ್ಟುಹೋಗಿದೆ. ಇದು ಲೆಕ್ಕದ ತಪ್ಪು ಎಂಬುದನ್ನು ಗುಮಾಸ್ತರಾದವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಶೇಷಾದ್ರಿ ಅಯ್ಯರರು 1901ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡರು. ಶಿವನಸಮುದ್ರದ ದೀಪವನ್ನು ಅವರು ಕಾಣಲಿಲ್ಲ. ಜಮ್ಷೆಟ್ಜಿಯವರು ಖೋಪೋಲಿಯ ದೀಪವನ್ನು ಕಾಣಲಿಲ್ಲ. ಒಬ್ಬರು ಸರಕಾರದವರು, ಒಬ್ಬರು ವ್ಯಾಪಾರಿಗಳು. ಇಬ್ಬರೂ ತಾವು ಕಾಣದ ನಾಳೆಗಾಗಿ ದುಡಿದರು. ಜಮ್ಷೆಟ್ಜಿಯವರ ಇನ್ನೊಂದು ಕನಸಾದ ವಿಜ್ಞಾನ ಮಂದಿರಕ್ಕೆ ಬೆಂಗಳೂರಿನಲ್ಲಿ 371 ಎಕರೆ ನೆಲವನ್ನು ಕೊಟ್ಟುದು ಮೈಸೂರು ಸಂಸ್ಥಾನ. ಇಂಥವರ ನಡುವೆ ಜಗಳವಿರಲಿಲ್ಲ. ಇಂದು ಎಲ್ಲವನ್ನೂ ಮಾರಿಬಿಡಿ ಎನ್ನುವವರೂ, ಎಲ್ಲವನ್ನೂ ಸರಕಾರವೇ ಮಾಡಲಿ ಎನ್ನುವವರೂ ಈ ಸಂಗತಿಯನ್ನು ನೆನೆಯುವುದು ಒಳಿತು.

ಆ ರಾತ್ರಿ ಈ ಮಾತುಗಳನ್ನು ನಾವು ನಮಗೆ ತೋಚಿದಷ್ಟು ಹೇಳಿದೆವು. ಭಟ್ಟರು ಕೊಂಚ ಹೊತ್ತು ಸುಮ್ಮನಿದ್ದು, "ಈ ಹೋಟೆಲಿನ ಬೋರ್ಡಿನ ಮೇಲೆ ಧಣಿಗಳ ಹೆಸರಿದೆ. ಇರಬೇಕಾದುದೇ, ಸಾಲ ಮಾಡಿದವರು ಅವರು. ಆದರೆ ನಲವತ್ತು ವರುಷ ಒಲೆಯ ಮುಂದೆ ನಿಂತ ನನ್ನ ಕಾಲು ಏನು ತೆತ್ತಿತೆಂದು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ" ಎಂದರು. ರಾಯರು ಅದಕ್ಕೆ ಎದುರಾಡಲಿಲ್ಲ.

ಹುಡುಗನು ಗಲ್ಲೆಯ ಮೇಲಿದ್ದ ವಿದ್ಯುತ್ ಬಿಲ್ಲನ್ನು ಎತ್ತಿ ಎರಡೂ ಬದಿಗಳನ್ನು ತಿರುಗಿಸಿ ನೋಡಿದನು. "ಮುಳಶಿಯ ಹೆಸರು ಇದರಲ್ಲಿಲ್ಲ" ಎಂದನು. ಅನಂತರ ಗ್ರೈಂಡರನ್ನು ನಿಲ್ಲಿಸಿ, ದೀಪ ಆರಿಸಿ, ಎಲ್ಲರೂ ಮಲಗಲು ಹೋದರು. ಬೆಳಗ್ಗೆ ಐದಕ್ಕೆ ಮತ್ತೆ ಏಳಬೇಕಾಗಿದ್ದಿತು.