ಮೋಟಾರು ನಿಲ್ಲಿಸುವ ಸ್ಥಳವೂ ಅದರ ಬೆಲೆಯೂ

ನಗರವಾಸಿಗಳಾದ ಗೃಹಸ್ಥರಿಗೆ ಈಗ ಮೋಟಾರು ಓಡಿಸುವುದಕ್ಕಿಂತ ಅದನ್ನು ನಿಲ್ಲಿಸುವುದೇ ಕಷ್ಟತರವಾಗಿದೆ. ಕಳೆದ ವರ್ಷ ನಾವು ನಮ್ಮ ಕುಟುಂಬದವರನ್ನು ನೇತ್ರವೈದ್ಯರಲ್ಲಿಗೆ ಕರೆದೊಯ್ದಾಗ, ನಮ್ಮ ಚಿರಂಜೀವಿಯು ಒಂದೇ ಬೀದಿಯನ್ನು ಐದು ಸಲ ಸುತ್ತಿದನು. ದೇವರಿಗೂ ನಾವು ಮೂರೇ ಪ್ರದಕ್ಷಿಣೆ ಮಾಡುವವರು! ಈ ಸಂಕಟಕ್ಕೆ ಅನ್ಯತ್ರ ಪರಿಹಾರವುಂಟೇ ಎಂದು ವಿಚಾರಿಸಲಾಗಿ, ಅಮೇರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದ ವೃತ್ತಾಂತವು ತಿಳಿದುಬಂದಿತು.

ಬೀದಿಯ ನಿಲುಗಡೆಗೆ ಹಣ ಪಡೆಯುವ ಮೀಟರು ಆ ದೇಶಕ್ಕೆ ಹೊಸದಲ್ಲ. 1935ರಲ್ಲಿಯೇ ಓಕ್ಲಹೋಮ ನಗರದಲ್ಲಿ ಅದನ್ನು ನೆಟ್ಟಿದ್ದರು. ಆದರೆ ಅದು ಕಾಲವನ್ನು ಬಲ್ಲುದೇ ಹೊರತು ಬೇಡಿಕೆಯನ್ನು ಅರಿಯದು. ಬರಿದಾದ ಬೀದಿಗೂ ಕಿಕ್ಕಿರಿದ ಬೀದಿಗೂ ಒಂದೇ ದರ.

ಸ್ಯಾನ್‌ಫ್ರಾನ್ಸಿಸ್ಕೋದವರು 2011ರಲ್ಲಿ ಸುಮಾರು 7,000 ಸ್ಥಳಗಳಲ್ಲಿ ಹೊಸ ಪರೀಕ್ಷೆಯನ್ನು ಕೈಕೊಂಡರು. ಬೀದಿಯ ನೆಲದಲ್ಲಿ ಪುಟ್ಟ ಯಂತ್ರಗಳನ್ನು ಹುದುಗಿಸಿದರು. ಮೇಲೆ ಗಾಡಿ ಬಂದು ನಿಂತರೆ ಅದರ ಲೋಹದಿಂದ ಅಲ್ಲಿನ ಭೂಕಾಂತಕ್ಷೇತ್ರವು ತುಸು ವ್ಯತ್ಯಾಸವಾಗುವುದಷ್ಟೆ; ಅದನ್ನು ಗ್ರಹಿಸಿ ಯಂತ್ರವು ನಿಸ್ತಂತುವಾಗಿ ಸುದ್ದಿ ಕಳುಹಿಸುತ್ತಿತ್ತು. ತೆರವಾದ ಸ್ಥಳವು ಮೊಬೈಲಿನಲ್ಲಿ ಕಾಣುತ್ತಿತ್ತು.

ಇಷ್ಟೇ ಆಗಿದ್ದರೆ ನಾವು ಲೇಖನಿ ಹಿಡಿಯುತ್ತಿರಲಿಲ್ಲ. ತೆರವು ಎಲ್ಲಿದೆಯೆಂದು ತಿಳಿಸಿದ ಮಾತ್ರದಿಂದ ತೆರವು ಹುಟ್ಟುವುದೇ? ವಿಶೇಷವಿರುವುದು ಬೆಲೆಯಲ್ಲಿ. ಬೀದಿಯು ನೂರಕ್ಕೆ 80ಕ್ಕಿಂತ ಹೆಚ್ಚು ತುಂಬಿದ್ದರೆ ಗಂಟೆಯ ದರವನ್ನು 25 ಸೆಂಟು ಏರಿಸುವರು. 60ಕ್ಕಿಂತ ಕಡಮೆಯಿದ್ದರೆ ಇಳಿಸುವರು. ಪ್ರತಿ ಬೀದಿಯಲ್ಲಿ ಒಂದೆರಡು ಸ್ಥಳವಾದರೂ ಬರಿದಿರಲೆಂಬುದೇ ಉದ್ದೇಶ. ಅಧ್ಯಾಪಕ ಡೊನಾಲ್ಡ್ ಶೂಪರು 2005ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ್ದ ವಾದವಿದು.

ಜನರಿಂದ ಹಣ ಸುಲಿಯುವ ಉಪಾಯವಿದೆಂದು ನಾವೂ ಮೊದಲು ಶಂಕಿಸಿದೆವು. ಆದರೆ ಸರಾಸರಿ ದರವು 2.69 ಡಾಲರಿನಿಂದ 2.58ಕ್ಕೆ ಇಳಿಯಿತು, ಸ್ಥಳ ಹುಡುಕುವ ಕಾಲವು ನೂರಕ್ಕೆ 43ರಷ್ಟು ಕಡಮೆಯಾಯಿತು. ಇನ್ನೊಂದು ಸ್ವಾರಸ್ಯವುಂಟು: ನೆಲದ ಯಂತ್ರಗಳನ್ನು 2013ರ ಅಂತ್ಯಕ್ಕೆ ನಿಲ್ಲಿಸಿಬಿಟ್ಟರು. ಮೀಟರಿಗೆ ಬಿದ್ದ ಹಣದಿಂದಲೇ ಬೀದಿ ಎಷ್ಟು ತುಂಬಿತ್ತೆಂದು ಊಹಿಸಿ ದರ ಕಟ್ಟುವ ಕ್ರಮವು ಮುಂದುವರಿಯಿತು.

ಆದರೂ ಕಿಕ್ಕಿರಿದ ಬೀದಿಯಲ್ಲಿಯೇ ಕೆಲಸವುಳ್ಳ ಬಡವನ ಪಾಡೇನು? ಅಂಗವಿಕಲರ ಗುರುತುಪತ್ರವುಳ್ಳ ಗಾಡಿಗೆ ಕ್ಯಾಲಿಫೋರ್ನಿಯಾದಲ್ಲಿ ಮೀಟರು ಶುಲ್ಕವಿಲ್ಲ. ಬಡತನಕ್ಕೆ ಅಂತಹ ಗುರುತುಪತ್ರವಿಲ್ಲ. ಅವನು ಎರಡು ಬೀದಿ ಆಚೆ, ದರ ಇಳಿದ ಕಡೆ ಗಾಡಿ ನಿಲ್ಲಿಸಿ ನಡೆದು ಬರಬೇಕು. ನಡೆಯಬಲ್ಲವನಿಗೆ ಅದು ಸರಿ. ಅಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಬಂದ ನಮ್ಮಾಕೆಯ ಕೈಹಿಡಿದು, ಇನ್ನೂ ಸುತ್ತುತ್ತಲೇ ಇದ್ದ ಮಗನ ಗಾಡಿಗಾಗಿ ನಾವು ಬಿಸಿಲಿನಲ್ಲಿ ಬಹಳ ಹೊತ್ತು ನಿಂತಿದ್ದೆವು.